ವೃತ್ತಿಶಿಕ್ಷಣವೂ ದಿನಗೂಲಿಯೂ: ತಿಪಟೂರು ಸೀಮೆಯ ತೆಂಗಿನ ಕಸುಬುಗಳನ್ನು ಕುರಿತು

ಬಡತನವನ್ನು ನೀಗುವ ಸಾಧನಗಳಲ್ಲಿ ಕಸುಬಿನ ಕಲಿಕೆಯು ಮುಖ್ಯವಾದುದೆಂಬ ಮಾತನ್ನು ನಮ್ಮ ದೇಶದಲ್ಲಿ ಬಹುಕಾಲದಿಂದ ಎಲ್ಲರೂ ಒಪ್ಪಿಕೊಂಡು ಬಂದಿದ್ದಾರೆ. ಸಂಸ್ಥಾನದ ಕಾಲದಲ್ಲಿ ದಿವಾನರೂ, ಸ್ವಾತಂತ್ರ್ಯಾನಂತರ ಯೋಜನೆಗಳನ್ನು ರೂಪಿಸಿದವರೂ ಈ ವಿಷಯದಲ್ಲಿ ಒಂದೇ ಅಭಿಪ್ರಾಯದವರಾಗಿದ್ದರು. ಅದಕ್ಕಾಗಿ ಶಾಲೆಗಳು ತೆರೆದವು, ಹಣ ಮಂಜೂರಾಯಿತು, ಶುಲ್ಕವನ್ನು ಮಾಫಿ ಮಾಡಿದ್ದೂ ಉಂಟು. ಆದರೂ ಯಾರಿಗಾಗಿ ಈ ಏರ್ಪಾಡುಗಳು ಹುಟ್ಟಿದವೋ ಅವರಲ್ಲಿ ಅತ್ಯಂತ ಬಡವರಾದವರು ತರಬೇತಿ ಕೇಂದ್ರಗಳ ಹೊಸ್ತಿಲನ್ನು ದಾಟುವುದು ಕಡಮೆ. ಬಂದವರಲ್ಲಿಯೂ ಹಲವರು ನಡುವೆಯೇ ಬಿಟ್ಟುಹೋಗುತ್ತಾರೆ. ಇದಕ್ಕೆ ಅವರ ಅಜ್ಞಾನ ಅಥವಾ ನಿರುತ್ಸಾಹವೇ ಕಾರಣವೆಂದು ಹೇಳಿಬಿಡುವುದು ಸುಲಭ. ಅದು ಸತ್ಯವೆಂದು ತೋರುವುದಿಲ್ಲ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಕಸುಬುಗಳನ್ನು ಮುಂದಿಟ್ಟುಕೊಂಡು ಇದರ ನಿಜವಾದ ಕಾರಣವನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ತೆಂಗಿನ ಸೀಮೆ ಮತ್ತು ಅದರ ದುಡಿಮೆ

ಈ ಸೀಮೆಯಲ್ಲಿ ತೆಂಗಿನ ಬೇಸಾಯ ಹೊಸದಲ್ಲ. 1800-01ರಲ್ಲಿ ಮೈಸೂರು ದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮಾರ್ಗವಾಗಿ ಹಾದುಹೋದನು. 1807ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಇಲ್ಲಿನ ತೋಟಗಳ ಪ್ರಸ್ತಾಪವಿದೆ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲುಮಾರ್ಗ ಬಂದಮೇಲೆ ದೂರದ ಪೇಟೆಗಳು ತಿಪಟೂರಿಗೆ ಹತ್ತಿರವಾದವು. ಇಂದು ತಿಪಟೂರಿನ ಮಾರುಕಟ್ಟೆ ಉಂಡೆ ಕೊಬ್ಬರಿಯ ವ್ಯಾಪಾರಕ್ಕೆ ದೇಶದಲ್ಲೆಲ್ಲ ಹೆಸರಾಗಿದೆ. ಇಲ್ಲಿನ ಉಂಡೆ ಕೊಬ್ಬರಿಗೆ ಉತ್ತರ ಭಾರತದ ಮದುವೆಮುಂಜಿಗಳಲ್ಲಿಯೂ ಹಬ್ಬಗಳಲ್ಲಿಯೂ ವಿಶೇಷ ಬೇಡಿಕೆಯುಂಟು.

ಉಂಡೆ ಕೊಬ್ಬರಿಯನ್ನು ಮಾಡುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯಕ. ಬಲಿತ ಕಾಯಿಗಳನ್ನು ಸುಲಿಯದೆ, ಮಟ್ಟೆಯ ಸಮೇತ, ಅಟ್ಟದ ಮೇಲೆ ಹರಡಿ ಎಂಟು ತಿಂಗಳಿನಿಂದ ಒಂದು ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ಕ್ರಮೇಣ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆ ಬಳಿಕ ಮಟ್ಟೆಯನ್ನು ಸುಲಿದು, ಚಿಪ್ಪನ್ನು ಒಡೆದು, ಉಂಡೆಗೆ ಪೆಟ್ಟು ತಗುಲದಂತೆ ಕೊಬ್ಬರಿಯನ್ನು ಹೊರತೆಗೆಯಬೇಕು. ಒಡೆಯುವವರ ಕೈ ಸ್ವಲ್ಪ ತಪ್ಪಿದರೆ ಉಂಡೆ ಸೀಳಿ ಬೆಲೆ ಇಳಿಯುತ್ತದೆ. ಕೇಂದ್ರ ಸರ್ಕಾರವು 2025ನೆಯ ಹಂಗಾಮಿಗೆ ಗೊತ್ತುಮಾಡಿದ ಬೆಂಬಲ ಬೆಲೆಯಲ್ಲಿ ಎಣ್ಣೆ ತೆಗೆಯುವ ಕೊಬ್ಬರಿಗೆ ಕ್ವಿಂಟಲಿಗೆ 11,582 ರೂಪಾಯಿಯೂ ಉಂಡೆ ಕೊಬ್ಬರಿಗೆ 12,100 ರೂಪಾಯಿಯೂ ಇದ್ದವು. ಉಂಡೆಯ ರೂಪಕ್ಕೇ ಪ್ರತ್ಯೇಕ ಬೆಲೆಯುಂಟೆಂಬುದು ಇದರಿಂದ ತಿಳಿಯುತ್ತದೆ. ಆ ರೂಪವು ಕೂಲಿಗಾರನ ಕೈಚಳಕವನ್ನು ಅವಲಂಬಿಸಿದೆ.

ಈ ಕ್ರಮದಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಉಂಡೆ ಕೊಬ್ಬರಿಯ ಲಾಭವು ಕಾಯಬಲ್ಲವನ ಲಾಭ. ಒಂದು ವರ್ಷದ ಫಸಲನ್ನು ಅಟ್ಟದಲ್ಲಿಟ್ಟು ಕುಟುಂಬವನ್ನು ನಡೆಸಬಲ್ಲ ರೈತನು ಕೊಬ್ಬರಿ ಮಾಡುತ್ತಾನೆ. ಸಾಲದ ಕಂತಿಗೋ ಮಗುವಿನ ಔಷಧಕ್ಕೋ ಹಣ ಬೇಕಾದ ಸಣ್ಣ ಹಿಡುವಳಿದಾರನು ಕಾಯಿಯನ್ನು ಹಾಗೆಯೇ ಮಾರುತ್ತಾನೆ. ಇಬ್ಬರ ಮರಗಳೂ ಒಂದೇ ಜಾತಿಯವು, ಕಾಯಿಯೂ ಒಂದೇ. ವ್ಯತ್ಯಾಸವಿರುವುದು ಕಾಯುವ ಶಕ್ತಿಯಲ್ಲಿ. ತೋಟವೇ ಇಲ್ಲದವರಿಗಂತೂ ಈ ಶಕ್ತಿ ಒಂದು ದಿನದ ಮಟ್ಟಿಗೂ ಇರುವುದಿಲ್ಲ. ಮರ ಹತ್ತಿಯೋ ದೋಟಿಯಿಂದಲೋ ಕಾಯಿ ಕೀಳುವವರು, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಚುಚ್ಚಿ ಸುಲಿಯುವವರು, ಚಿಪ್ಪು ಒಡೆಯುವವರು, ಗರಿ ಸೀಳಿ ಕಡ್ಡಿ ಪೊರಕೆ ಕಟ್ಟುವವರು, ನಾರಿನ ಕೆಲಸದ ಹೆಂಗಸರು ಇವರೆಲ್ಲರೂ ಅಂದು ದುಡಿದುದನ್ನು ಅಂದೇ ಉಣ್ಣುವವರು. ಸುಲಿಯುವವರಿಗೆ ಕಾಯಿಯ ಲೆಕ್ಕದಲ್ಲಿ ಕೂಲಿ. ಸುಲಿಯದ ದಿನ ಲೆಕ್ಕವಿಲ್ಲ.

ಉಚಿತ ಶಿಕ್ಷಣದ ಬೆಲೆ

ತರಬೇತಿಯೆಂಬುದೂ ಒಂದು ಬಗೆಯ ಕಾಯುವಿಕೆಯೇ. ಇಂದಿನ ಸಂಪಾದನೆಯನ್ನು ಬಿಟ್ಟು, ನಾಳೆಯ ಹೆಚ್ಚಿನ ಸಂಪಾದನೆಗಾಗಿ ಕೆಲವು ದಿನ ಅಥವಾ ತಿಂಗಳು ಕಾಯುವುದೇ ಅದರ ಸ್ವರೂಪ. ಆದುದರಿಂದ ತರಬೇತಿಗೆ ಶುಲ್ಕವಿಲ್ಲವೆಂಬ ಮಾತ್ರಕ್ಕೆ ಅದು ಉಚಿತವಾಗುವುದಿಲ್ಲ. ದಿನಕ್ಕೆ 500 ರೂಪಾಯಿ ಗಳಿಸುವ ಒಬ್ಬ ಕೂಲಿಗಾರನನ್ನು ಊಹಿಸಿಕೊಳ್ಳೋಣ. ಅವನು 30 ದಿನಗಳ ಉಚಿತ ತರಬೇತಿಗೆ ಹೋದರೆ ಕಳೆದುಕೊಳ್ಳುವುದು 15,000 ರೂಪಾಯಿ. ಬಸ್ಸಿನ ಖರ್ಚು, ಪೇಟೆಯ ಊಟ ಬೇರೆ. ಈ ಹಣವನ್ನು ಅವನು ತರಬೇಕಾದುದು ಸಾಲದಿಂದ. ಕಲಿತ ಕಸುಬಿಗೆ ಸಲಕರಣೆ ಕೊಳ್ಳಲು ಮತ್ತೆ ಸಾಲ. ಕಲಿತ ಕೂಡಲೆ ಕೆಲಸ ದೊರೆಯುವ ಭರವಸೆಯಿಲ್ಲದಿರುವಾಗ, ಮನೆಯಲ್ಲಿ ಉಳಿದು ಕಾಯಿ ಸುಲಿಯುವುದೇ ಲೇಸೆಂದು ಅವನು ನಿರ್ಧರಿಸಿದರೆ ಆ ನಿರ್ಧಾರವನ್ನು ಅವಿವೇಕವೆನ್ನಲಾಗದು. ತನ್ನ ಲೆಕ್ಕವನ್ನು ಅವನು ಸರಿಯಾಗಿಯೇ ಮಾಡಿರುತ್ತಾನೆ. ಲೆಕ್ಕ ತಪ್ಪಿರುವುದು ಯೋಜನೆಯನ್ನು ರೂಪಿಸಿದವರಲ್ಲಿ. ಅವರು ಶುಲ್ಕವನ್ನು ಎಣಿಸಿ ಕೂಲಿಯನ್ನು ಎಣಿಸದೆ ಬಿಟ್ಟಿದ್ದಾರೆ.

ಹೆಂಗಸರ ವಿಷಯದಲ್ಲಿ ಈ ಬೆಲೆ ಇನ್ನೂ ಹೆಚ್ಚು. ಕೂಲಿಯ ಜೊತೆಗೆ ಮನೆಯ ಅಡಿಗೆ, ನೀರು, ದನಕರು, ಮಕ್ಕಳ ಪಾಲನೆ ಇವನ್ನು ಬೇರೊಬ್ಬರು ವಹಿಸಿಕೊಳ್ಳಬೇಕು. ಎಷ್ಟು ಉತ್ತಮವಾದ ವಸತಿ ಶಿಬಿರವನ್ನು ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದಲ್ಲಿ ನಡೆಸಿದರೂ, ಮೊಲೆಯುಣ್ಣುವ ಮಗುವಿನ ತಾಯಿಗೆ ಅದು ಇಲ್ಲದಂತೆಯೇ ಸರಿ.

ಇತಿಹಾಸದಿಂದ ಎರಡು ಮಾದರಿಗಳು

ನಮ್ಮ ನಾಡಿನ ಇತಿಹಾಸದಲ್ಲಿ ವೃತ್ತಿಶಿಕ್ಷಣದ ಎರಡು ಬೇರೆ ಬೇರೆ ಮಾದರಿಗಳು ಕಾಣಸಿಗುತ್ತವೆ.

ಮೊದಲನೆಯದು ಮೈಸೂರು ಸಂಸ್ಥಾನದ ಮಾದರಿ. 1911ರಲ್ಲಿ ಸ್ಥಾಪಿತವಾದ ಮೈಸೂರು ಸಂಪದಭ್ಯುದಯ ಸಮಾಜವು ವ್ಯವಸಾಯ, ಕೈಗಾರಿಕೆ, ವಿದ್ಯಾಭ್ಯಾಸ ಈ ಮೂರನ್ನೂ ಒಂದೇ ಪ್ರಶ್ನೆಯ ಅಂಗಗಳೆಂದು ಭಾವಿಸಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ತಾಂತ್ರಿಕ ವಿದ್ಯೆಗೆ ಹಿಂದೆಂದೂ ಇಲ್ಲದ ಪ್ರೋತ್ಸಾಹ ದೊರೆಯಿತು. ಅಧಿಕಾರದಿಂದ ನಿವೃತ್ತರಾದ ಮೇಲೂ ಅವರು ಈ ಉದ್ದೇಶವನ್ನು ಬಿಡಲಿಲ್ಲ. ಅವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಆರಂಭವಾಯಿತು. ಈ ಸಂಸ್ಥೆಗಳು ನಾಡಿಗೆ ಮಾಡಿದ ಉಪಕಾರ ದೊಡ್ಡದು. ಕುಶಲ ಕೆಲಸಗಾರರನ್ನೂ ಮೇಲ್ವಿಚಾರಕರನ್ನೂ ಒದಗಿಸಿಕೊಟ್ಟು ಅವು ಬೆಂಗಳೂರಿನ ಕೈಗಾರಿಕೆಗೆ ಬುನಾದಿಯಾದವು. ಆದರೆ ಅವು ಶಾಲೆಯ ಮಾದರಿಯವು. ಅಲ್ಲಿಗೆ ಸೇರಬೇಕಾದರೆ ಮೊದಲು ಬೇರೊಂದು ಶಾಲೆಯನ್ನು ಮುಗಿಸಿರಬೇಕು, ಪಟ್ಟಣದಲ್ಲಿ ಉಳಿಯಲು ಅನುಕೂಲವಿರಬೇಕು, ವಿದ್ಯೆ ಮುಗಿಯುವವರೆಗೆ ಮನೆಯವರು ಅವನ ಸಂಪಾದನೆಯನ್ನು ಎದುರುನೋಡದೆ ಇರಬೇಕು. ಸಹಜವಾಗಿಯೇ ಇದರ ಫಲ ಬಡವರಲ್ಲಿ ಸ್ವಲ್ಪ ಮೇಲಿದ್ದವರಿಗೆ ಹೆಚ್ಚಾಗಿ ದೊರೆಯಿತು.

ಎರಡನೆಯದು ಕರಾವಳಿಯ ಬಾಸೆಲ್ ಮಿಶನ್ನಿನ ಮಾದರಿ. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್, ಮತಾಂತರ ಹೊಂದಿ ಕುಲಕಸುಬನ್ನೂ ಆಶ್ರಯವನ್ನೂ ಕಳೆದುಕೊಂಡ ಬಡವರಿಗೆ ಜೀವನೋಪಾಯ ಕಲ್ಪಿಸಬೇಕಾಯಿತು. 1851ರಲ್ಲಿ ಬಂದ ಹಾಲರ್ ಎಂಬಾತನ ಕೈಕೆಳಗೆ ನೇಯ್ಗೆಯ ಕಾರ್ಖಾನೆ ಬೆಳೆಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬಾತನು ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಇಲ್ಲಿ ಕಲಿಯುವ ಸ್ಥಳವೂ ಗಳಿಸುವ ಸ್ಥಳವೂ ಒಂದೇ ಆಗಿತ್ತು. ಮಣ್ಣು ಹದಮಾಡುವುದನ್ನು ಕಲಿಯುವವನು ಕಲಿಯುತ್ತಿರುವಾಗಲೇ ಕೂಲಿ ಪಡೆಯುತ್ತಿದ್ದನು. ಮಂಗಳೂರು ಹೆಂಚು ದೇಶವಿದೇಶಗಳಿಗೆ ಹೋಗುವಂತಾದುದು ಈ ಬಗೆಯಿಂದ ತಯಾರಾದ ಕೈಗಳಿಂದ. ಈ ಮಾದರಿಯಲ್ಲಿ ದೋಷವಿಲ್ಲವೆಂದಲ್ಲ. ಕಾರ್ಖಾನೆಯ ಒಡೆತನ ಮಿಶನ್ನಿನದು, ಕೆಲಸಗಾರನು ಅದರ ಶಿಸ್ತಿಗೆ ಒಳಪಟ್ಟವನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಒಡೆತನ ಕೈಬದಲಾದಾಗ ಕೆಲಸಗಾರರ ಅಭಿಪ್ರಾಯಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ಆದರೂ ನಿರ್ಗತಿಕನಾದವನಿಗೆ ಕಸುಬು ಕಲಿಸಬೇಕಾದರೆ ಮೊದಲು ಅವನ ಅಂದಿನ ಊಟದ ವಿಚಾರ ಮಾಡಬೇಕೆಂಬುದನ್ನು ಈ ಕಾರ್ಖಾನೆಗಳು ಅನುಭವದಿಂದ ಅರಿತಿದ್ದವು.

ಸ್ವಾತಂತ್ರ್ಯಾನಂತರದ ಪ್ರಯತ್ನಗಳು

ಸ್ವಾತಂತ್ರ್ಯ ಬಂದಮೇಲೆ ಭಾರತ ಸರ್ಕಾರವು ಅನುಸರಿಸಿದುದು ಬಹುಮಟ್ಟಿಗೆ ಮೊದಲನೆಯ ಮಾದರಿಯನ್ನು. 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಬಂದಿತು. ಕೈಗಾರಿಕಾ ತರಬೇತಿ ಸಂಸ್ಥೆಗಳು, ಎಂದರೆ ಐ.ಟಿ.ಐ.ಗಳು, ನಾಡಿನಲ್ಲೆಲ್ಲ ಹರಡಿದವು. 1961ರ ಅಪ್ರೆಂಟಿಸ್ ಕಾಯಿದೆಯು ಕೆಲಸದ ಸ್ಥಳದಲ್ಲಿಯೇ ಶಿಷ್ಯವೇತನದೊಡನೆ ಕಲಿಯುವ ಹಕ್ಕನ್ನು ಕಾನೂನಿಗೆ ತಂದಿತು. ಆದರೆ ಅದು ಹಾಜರಿ ಪುಸ್ತಕವುಳ್ಳ ಕಾರ್ಖಾನೆಗಳಿಗೆ ಹೊಂದುವ ಕಾನೂನು. ತೆಂಗಿನ ತೋಟಕ್ಕೂ ಕೊಬ್ಬರಿಯ ಅಟ್ಟಕ್ಕೂ ಅದು ಮುಟ್ಟಲಿಲ್ಲ.

ಹಳ್ಳಿಯ ಬಡವರನ್ನೇ ಉದ್ದೇಶಿಸಿದ ಮೊದಲ ದೊಡ್ಡ ಪ್ರಯತ್ನವೆಂದರೆ 1979ರ ಆಗಸ್ಟ್ 15ರಂದು ಆರಂಭವಾದ ಗ್ರಾಮೀಣ ಯುವಜನರ ಸ್ವಯಂ ಉದ್ಯೋಗ ತರಬೇತಿ, ಜನರ ಬಾಯಲ್ಲಿ ಟ್ರೈಸೆಮ್. 18ರಿಂದ 35 ವರ್ಷ ವಯಸ್ಸಿನ ಬಡ ಯುವಕ ಯುವತಿಯರಲ್ಲಿ ವರ್ಷಕ್ಕೆ 2 ಲಕ್ಷ ಮಂದಿಗೆ ತರಬೇತಿ ನೀಡುವುದು ಅದರ ಗುರಿ. ಶಿಷ್ಯವೇತನವೂ ಉಂಟಾಗಿತ್ತು. ಆದರೆ ಕಲಿಸುವ ಇಲಾಖೆಯೊಂದು, ಸಾಲ ಕೊಡುವ ಬ್ಯಾಂಕು ಇನ್ನೊಂದು, ಮಾರುಕಟ್ಟೆಯ ಹೊಣೆ ಯಾರದೂ ಅಲ್ಲ ಎಂಬಂತಾಗಿ, ಕಲಿತವರಲ್ಲಿ ಅನೇಕರು ಕಲಿತ ಕಸುಬನ್ನು ಹಿಡಿಯಲಿಲ್ಲ. 1999ರ ಏಪ್ರಿಲ್‌ನಲ್ಲಿ ಅದು ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ಲೀನವಾಯಿತು.

ಈ ಕೊರತೆಯನ್ನು ತುಂಬುವ ದಾರಿಯನ್ನು ಕರ್ನಾಟಕವೇ ತೋರಿಸಿತೆಂಬುದು ಸಂತೋಷದ ವಿಷಯ. 1982ರಲ್ಲಿ ಉಜಿರೆಯಲ್ಲಿ ಶ್ರೀ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ಸ್ಥಾಪಿತವಾದ ರುಡ್‌ಸೆಟ್ ಸಂಸ್ಥೆಯು ಅಲ್ಪಾವಧಿಯ ತರಬೇತಿಯನ್ನು ಊಟ ವಸತಿಗಳೊಡನೆ ಉಚಿತವಾಗಿ ನೀಡಿ, ಕಲಿತವರ ಬೆನ್ನಹಿಂದೆ ಬಹುಕಾಲ ನಿಂತು ಬ್ಯಾಂಕಿನ ಸಾಲ ದೊರೆಯುವಂತೆ ಮಾಡಿತು. ಮುಂದೆ ಇದೇ ಮಾದರಿಯನ್ನು ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಲಾಯಿತು. 2014ರಲ್ಲಿ ಬಂದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯು ಸಂಬಳದ ಉದ್ಯೋಗವನ್ನು ಮುಖ್ಯ ಗುರಿಯಾಗಿ ಇರಿಸಿಕೊಂಡಿತು. ಅದರಿಂದ ಬಹುಮಂದಿ ತರುಣರು ನಗರದ ಕೆಲಸಗಳಿಗೆ ಸೇರಿದುದುಂಟು. ಆದರೆ ತಿಪಟೂರಿನ ಹಳ್ಳಿಯಲ್ಲಿ ಚಿಪ್ಪು ಒಡೆಯುವ ಐವತ್ತರ ಹೆಂಗಸಿಗೆ ಬೆಂಗಳೂರಿನ ಅಂಗಡಿಯ ಕೆಲಸ ಉತ್ತರವಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯು ನಮ್ಮ ಪ್ರಶ್ನೆಗೆ ಹೆಚ್ಚು ಸಮೀಪವಾದುದು. 18 ಸಾಂಪ್ರದಾಯಿಕ ಕಸುಬುಗಳವರಿಗೆ 5ರಿಂದ 7 ದಿನಗಳ ಮೂಲ ತರಬೇತಿ, ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಶಿಷ್ಯವೇತನ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ಶೇಕಡ 5ರ ಬಡ್ಡಿಯಲ್ಲಿ ಎರಡು ಕಂತುಗಳಾಗಿ ಸಾಲ ಇವು ಅದರ ಅಂಶಗಳು. ಕಳೆದುಹೋಗುವ ದಿನಗೂಲಿಯನ್ನು ಲೆಕ್ಕಕ್ಕೆ ತಂದುಕೊಂಡ ಕ್ರಮವಿದು. ಕಸುಬುಗಳ ಪಟ್ಟಿಯಲ್ಲಿ ಬುಟ್ಟಿ, ಚಾಪೆ, ಪೊರಕೆ ಮಾಡುವವರೂ ತೆಂಗಿನ ನಾರಿನ ನೇಕಾರರೂ ಇದ್ದಾರೆ. ಆದರೆ ಮರ ಹತ್ತುವವರೂ ಕಾಯಿ ಸುಲಿಯುವವರೂ ಕೊಬ್ಬರಿ ಒಡೆಯುವವರೂ ಅದರಲ್ಲಿ ಇಲ್ಲ. ಈ ಸೀಮೆಯ ಸಂಪತ್ತನ್ನು ಹೊತ್ತು ನಿಂತ ಕಸುಬುಗಳು ಕಸುಬುಗಳೆಂದೇ ಎಣಿಕೆಗೆ ಬಂದಿಲ್ಲವೆಂಬುದು ವಿಚಾರಾರ್ಹವಾದ ಸಂಗತಿ.

ತೆಂಗಿನ ಕಸುಬುಗಳಲ್ಲಿ ಕಲಿಸಬೇಕಾದುದೇನು?

ತಲೆಮಾರುಗಳಿಂದ ಮಾಡುತ್ತ ಬಂದ ಕೆಲಸದಲ್ಲಿ ಹೊಸದಾಗಿ ಕಲಿಯುವುದೇನಿದೆಯೆಂದು ಯಾರಾದರೂ ಕೇಳಬಹುದು. ಮೂರು ಉದಾಹರಣೆಗಳನ್ನು ಕೊಡಬಹುದು.

ಮೊದಲನೆಯದು ಮರ ಹತ್ತುವ ಕಸುಬು. ಎತ್ತರದ ಜಾತಿಯ ಮರಗಳು 60 ಅಡಿಗೂ ಮೇಲೆ ಬೆಳೆಯುತ್ತವೆ. ಬಿದ್ದವನು ಬದುಕಿದರೂ ದುಡಿಯಲಾರನು. ಆ ಒಂದು ದಿನ ಕುಟುಂಬವನ್ನು ಸಾಲಕ್ಕೆ ನೂಕುತ್ತದೆ. ಇದರಿಂದಲೇ ಹೊಸ ತಲೆಮಾರಿನವರು ಈ ಕೆಲಸಕ್ಕೆ ಬರಲು ಹಿಂಜರಿಯುತ್ತಾರೆ. 1981ರಲ್ಲಿ ಸ್ಥಾಪಿತವಾದ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ಅರ್ಥದ ಹೆಸರಿನಿಂದ ಒಂದು ತರಬೇತಿಯನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಯಂತ್ರದ ನೆರವಿನಿಂದ ಮರ ಹತ್ತುವುದು, ಸುಳಿಯ ರೋಗ ಕೀಟಗಳನ್ನು ಗುರುತಿಸುವುದು, ಗೊನೆಯ ಬಲಿತವನ್ನು ಅರಿಯುವುದು ಇವನ್ನು ಕಲಿಸಿ, ಹತ್ತುವ ಯಂತ್ರವನ್ನೂ ಅಪಘಾತ ವಿಮೆಯನ್ನೂ ಒದಗಿಸುವುದು ಅದರ ಕ್ರಮ. ಹೆಂಗಸರೂ ಇದರಲ್ಲಿ ತರಬೇತಿ ಪಡೆದಿದ್ದಾರೆ. ಅವಧಿ ಅಲ್ಪವಾದುದು, ಸಲಕರಣೆ ಕೈಗೆ ಬಂದುದು, ಜೀವಕ್ಕೆ ರಕ್ಷೆ ದೊರೆತುದು ಈ ಮೂರೂ ಕೂಡಿದುದರಿಂದ ಇದು ಬಡವನ ಲೆಕ್ಕಕ್ಕೆ ಹೊಂದುವ ತರಬೇತಿಯಾಯಿತು.

ಎರಡನೆಯದು ಸುಲಿಯುವ ಮತ್ತು ಒಡೆಯುವ ಕೆಲಸ. ಇದರಲ್ಲಿ ಕೈಚಳಕವನ್ನು ಕಲಿಸಲು ಹೊರಗಿನ ಗುರು ಬೇಕಾಗಿಲ್ಲ, ಊರಿನಲ್ಲಿಯೇ ಗುರುಗಳಿದ್ದಾರೆ. ಬೇಕಾದುದು ಕೈ ಬೆನ್ನುಗಳಿಗೆ ಅಪಾಯವಿಲ್ಲದ ಸಲಕರಣೆ, ಕೊಬ್ಬರಿಯ ದರ್ಜೆಗಳ ತಿಳಿವಳಿಕೆ, ಒಂದು ಗುಂಪಾಗಿ ಕೆಲಸವನ್ನು ಗುತ್ತಿಗೆ ಹಿಡಿಯುವ ಮತ್ತು ಲೆಕ್ಕ ಇಡುವ ಕ್ರಮ. ಮೊದಲೇ ಬಲ್ಲ ಕುಶಲತೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು 2015ರಲ್ಲಿ ಬಂದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ ಸೇರಿತು. ಶಾಲೆಯ ಮೆಟ್ಟಿಲು ಹತ್ತದವರಿಗೆ ಇದು ಉಪಯುಕ್ತವಾದ ತತ್ತ್ವ.

ಮೂರನೆಯದು ನಾರು. ಕೇರಳದಲ್ಲಿ ಹಸಿಯ ಮಟ್ಟೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ ಬಿಳಿಯ ನಾರನ್ನು ತೆಗೆಯುವ ಪದ್ಧತಿ ಹಳೆಯದು. ಇಲ್ಲಿ ಕಾಯಿ ವರ್ಷಕಾಲ ಅಟ್ಟದಲ್ಲಿ ಒಣಗುವುದರಿಂದ ದೊರೆಯುವುದು ಕಂದುಬಣ್ಣದ ಒಣ ಮಟ್ಟೆ. ಅದನ್ನು ನೆನೆಸಿ ಯಂತ್ರದಿಂದ ನಾರು ಬಿಡಿಸಬೇಕು. ಮಟ್ಟೆಯ ತೂಕದಲ್ಲಿ ನಾರು ಸುಮಾರು ಮೂರರಲ್ಲಿ ಒಂದು ಭಾಗ, ಉಳಿದುದೆಲ್ಲ ಪುಡಿ. ಒಲೆಗೆ ಹೋಗುತ್ತಿದ್ದ ಮಟ್ಟೆಯ ಈ ಪುಡಿಯನ್ನು ತೊಳೆದು, ಒಣಗಿಸಿ, ಇಟ್ಟಿಗೆಯಂತೆ ಒತ್ತಿ ಸಸಿಮಡಿಗಳಿಗೂ ಹೊರದೇಶಗಳಿಗೂ ಮಾರುತ್ತಾರೆ. 1953ರ ಕಾಯಿದೆಯಿಂದ ಹುಟ್ಟಿದ ತೆಂಗಿನ ನಾರು ಮಂಡಳಿಯು 1994ರಲ್ಲಿ ಮಹಿಳಾ ಕಾಯರ್ ಯೋಜನೆಯನ್ನು ಆರಂಭಿಸಿ, ತರಬೇತಿ ಹೊಂದಿದ ಹೆಂಗಸರಿಗೆ ಸಹಾಯಧನದಿಂದ ಯಂತ್ರದ ರಾಟೆಗಳನ್ನು ಕೊಟ್ಟಿತು. ಕಲಿಕೆ ಮುಗಿದೊಡನೆ ರಾಟೆ ಮನೆಗೆ ಬರುವುದು ಇಲ್ಲಿಯ ವಿಶೇಷ. ಆದರೆ ಕೇರಳದ ಪಾಠವನ್ನೇ ಇಲ್ಲಿ ಒಪ್ಪಿಸಿದರೆ ಸಾಲದು. ಈ ಸೀಮೆಯ ಒಣ ಮಟ್ಟೆಗೂ ನೀರಿನ ಅಭಾವಕ್ಕೂ ತಕ್ಕ ಪಾಠ ಬೇಕು.

ನಾಲ್ಕು ತತ್ತ್ವಗಳು

ಮೇಲಿನ ವಿಚಾರದಿಂದ ನಾಲ್ಕು ತತ್ತ್ವಗಳು ಸಿದ್ಧಿಸುತ್ತವೆ.

ಒಂದು, ತರಬೇತಿಯ ಆಯವ್ಯಯದಲ್ಲಿ ಕಲಿಯುವವನ ದಿನಗೂಲಿ ಮೊದಲನೆಯ ಬಾಬತ್ತಾಗಬೇಕು. ಅದನ್ನು ತರಬೇತಿಯ ಕೊನೆಯಲ್ಲಿ ಇಡಿಗಂಟಾಗಿ ಕೊಟ್ಟರೆ ಪ್ರಯೋಜನವಿಲ್ಲ. ವಾರದ ಸಂತೆಗೆ ಮುಂಚೆ ಕೈಗೆ ಬರಬೇಕು.

ಎರಡು, ಪಾಠದ ಕಾಲವನ್ನು ಸರ್ಕಾರದ ಆರ್ಥಿಕ ವರ್ಷವು ನಿರ್ಣಯಿಸಬಾರದು, ಊರಿನ ಬೇಸಾಯವು ನಿರ್ಣಯಿಸಬೇಕು. ಪೂರ್ವ ಮುಂಗಾರಿನ ಹೆಸರು, ಆಮೇಲೆ ರಾಗಿಯ ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ ಇವೆಲ್ಲ ಮುಗಿದು ಕೂಲಿ ಕಡಮೆಯಾಗುವುದು ಸಂಕ್ರಾಂತಿಯಿಂದ ಯುಗಾದಿಯವರೆಗೆ. ನಾರು ಒಣಗಲು ಬಿಸಿಲೂ, ಮರ ಹತ್ತಲು ಜಾರದ ಕಾಂಡವೂ ಆಗಲೇ ದೊರೆಯುತ್ತವೆ.

ಮೂರು, ತರಬೇತಿಯು ಊರಿಗೆ ಹೋಗಬೇಕು. ಅಂಗನವಾಡಿಗೆ ಸಮೀಪವಾದ ಸ್ಥಳದಲ್ಲಿ ಅರ್ಧ ದಿನದ ಪಾಠವಿಟ್ಟರೆ ತಾಯಂದಿರು ಬರಬಲ್ಲರು. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳು ಇದಕ್ಕೆ ಆಧಾರವಾಗಬಲ್ಲವು. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ, ತಿಪಟೂರನ್ನು ಕೇಂದ್ರವಾಗಿಟ್ಟುಕೊಂಡ ಬೈಫ್ ಸಂಸ್ಥೆ ಮುಂತಾದವು ಈ ಸೀಮೆಯಲ್ಲಿಯೇ ಇರುವುದರಿಂದ ಬೋಧಕರಿಗೆ ಕೊರತೆಯಿರದು.

ನಾಲ್ಕು, ಕಲಿಕೆಯು ಸಲಕರಣೆ, ವಿಮೆ, ಕೊಳ್ಳುವವನ ಗುರುತು ಈ ಮೂರರೊಡನೆ ಮುಗಿಯಬೇಕು. ಪ್ರಮಾಣಪತ್ರದೊಡನೆ ಮಾತ್ರ ಮುಗಿದ ತರಬೇತಿಯ ಗತಿಯೇನೆಂಬುದನ್ನು ಟ್ರೈಸೆಮ್ಮಿನ ಇತಿಹಾಸದಲ್ಲಿ ನೋಡಿದ್ದೇವೆ.

ಎರಡು ಆಕ್ಷೇಪಗಳು

ಕೂಲಿ ಕೊಟ್ಟು ಕಲಿಸಿದರೆ ಜನರು ಕೂಲಿಗಾಗಿಯೇ ಬರುತ್ತಾರೆಂಬ ಆಕ್ಷೇಪವುಂಟು. ಕೆಲವರು ಹಾಗೆ ಬರಬಹುದು. ಆದರೆ ಕೂಲಿ ಕೊಡದಿದ್ದಾಗ ಬರುವವರು ಯಾರು? ಆ ದಿನಗಳ ಗಳಿಕೆಯನ್ನು ಬಿಡಬಲ್ಲವರು, ಎಂದರೆ ಅಷ್ಟಾಗಿ ಬಡವರಲ್ಲದವರು. ಮೊದಲನೆಯದರಿಂದ ಸ್ವಲ್ಪ ಹಣ ಪೋಲಾಗಬಹುದು. ಎರಡನೆಯದರಿಂದ ಯೋಜನೆಯ ಉದ್ದೇಶವೇ ಪೋಲಾಗುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಮರ ಹತ್ತುವವನ ಮಗನಿಗೆ ಮರ ಹತ್ತುವುದನ್ನೇ ಕಲಿಸುವುದೆಂದರೆ ಅವನನ್ನು ಹುಟ್ಟಿನ ಕಸುಬಿಗೆ ಕಟ್ಟಿಹಾಕಿದಂತಲ್ಲವೇ? ತಿಪಟೂರಿನಲ್ಲಿಯೇ ಇಂಜಿನಿಯರಿಂಗ್ ಕಾಲೇಜಿರುವಾಗ ಅವನು ಅಲ್ಲಿಗೆ ಏಕೆ ಹೋಗಬಾರದು? ಈ ಮಾತು ನ್ಯಾಯವಾದುದು. ಬಾಲಕನಿಗೆ ಬೇಕಾದುದು ಶಾಲೆಯೇ ಹೊರತು ಕಸುಬಿನ ತರಬೇತಿಯಲ್ಲ. ಇಲ್ಲಿ ಹೇಳುತ್ತಿರುವುದು ಈಗಾಗಲೇ ಈ ಕೆಲಸದಲ್ಲಿರುವ ವಯಸ್ಕರನ್ನು ಕುರಿತು. ತಾಯಿಯ ಕೂಲಿ ಹೆಚ್ಚಿದರೆ, ತಂದೆಯ ಜೀವಕ್ಕೆ ವಿಮೆಯಿದ್ದರೆ, ಮಗನು ಶಾಲೆಯನ್ನು ಅರ್ಧಕ್ಕೆ ಬಿಟ್ಟು ಮಟ್ಟೆ ಹೊರಲು ಹೋಗಬೇಕಾಗಿಲ್ಲ. ತಂದೆತಾಯಿಗಳ ತರಬೇತಿಗೂ ಮಕ್ಕಳ ವಿದ್ಯೆಗೂ ವಿರೋಧವಿಲ್ಲ. ಒಂದು ಇನ್ನೊಂದಕ್ಕೆ ಕಾಯುವ ಶಕ್ತಿಯನ್ನು ಕೊಡುತ್ತದೆ.

ಈ ವಿಷಯದಲ್ಲಿ ನಮ್ಮ ಕಾಲೇಜುಗಳು ಮಾಡಬಹುದಾದ ಕೆಲಸವೊಂದಿದೆ. ಒಂದೊಂದು ಹಳ್ಳಿಯಲ್ಲಿ ಯಾವ ತಿಂಗಳಲ್ಲಿ ಯಾರಿಗೆ ಎಷ್ಟು ದಿನ ಕೂಲಿ ದೊರೆಯುತ್ತದೆ, ಯಾವ ಕೆಲಸಕ್ಕೆ ಯಾವ ದರ, ತರಬೇತಿಗೆ ಹೋದವರು ಯಾರು, ಬಿಟ್ಟುಬಂದವರು ಏಕೆ ಬಿಟ್ಟರು ಎಂಬ ವಿವರಗಳನ್ನು ಅರ್ಥಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರಗಳ ವಿದ್ಯಾರ್ಥಿಗಳು ಒಂದು ವರ್ಷಕಾಲ ಕ್ರಮವಾಗಿ ಬರೆದಿಟ್ಟರೆ, ತರಬೇತಿಯ ಕಾಲವನ್ನೂ ಶಿಷ್ಯವೇತನದ ಮೊತ್ತವನ್ನೂ ಊಹೆಯಿಂದ ಗೊತ್ತುಮಾಡುವ ಪ್ರಮೇಯ ತಪ್ಪುತ್ತದೆ. ಮೂರು ತಾಲ್ಲೂಕುಗಳಲ್ಲಿ ಒಂದೊಂದು ಹಳ್ಳಿಯನ್ನು ಆರಿಸಿಕೊಂಡು ಈ ಕೆಲಸವನ್ನು ಆರಂಭಿಸಬಹುದು.